ಹುತ್ತ ಬಗೆಯುವ ಕರಡಿ

ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ನಮ್ಮ ಕಡೆ ಎರಡು ಕಾವಲು. ಒಂದು ಹಂದಿಗೆ, ಇನ್ನೊಂದು ಕರಡಿಗೆ. ಹಂದಿಯ ನಡೆ ಎಲ್ಲರಿಗೂ ಗೊತ್ತು. ಕರಡಿ ಅಂದ್ರೆ ಮಾತ್ರ ಹೆದರಿಕೆ ಹೆಚ್ಚು, ತಿಳಿವಳಿಕೆ ಕಡಿಮೆ. ಸಂಡೂರು, ಹೊಸಪೇಟೆ, ಕೂಡ್ಲಿಗಿ ಸುತ್ತಿನ ಬಂಡೆಗುಡ್ಡಗಳ ಮಗ್ಗುಲಲ್ಲಿ ಹೊಲ ಇದ್ದವರು ಇದರ ನಡೆ ತಿಳಿದಿರಲೇಬೇಕು.

ಮೈತುಂಬ ಜೋಲಾಡುವ ಕರಿ ಕೂದಲು, ಎದೆ ಮೇಲೆ ನಾಮದಂಥ ಬಿಳಿ ಪಟ್ಟೆ, ಮಾಸಲು ಬಣ್ಣದ ಉದ್ದ ಮೂತಿ. ದೊಡ್ಡ ಗಂಡು ಒಂದು ಕ್ವಿಂಟಲ್ ಮೀರಿ ತೂಗುತ್ತದೆ, ಹೆಣ್ಣು ಅದಕ್ಕಿಂತ ಚಿಕ್ಕದು. ಮುಂಗಾಲಿನ ಉಗುರು ಬೆರಳುದ್ದ, ಕೊಕ್ಕೆ ಹಾಗೆ ಬಾಗಿರುತ್ತವೆ. ಅದೇ ಅದರ ಗುದ್ದಲಿ.

ಅದರ ಮುಖ್ಯ ಊಟ ಗೆದ್ದಲು, ಇರುವೆ. ಮೇಲಿನ ದವಡೆಯಲ್ಲಿ ನಡುವಿನ ಎರಡು ಹಲ್ಲು ಇರೋದಿಲ್ಲ. ಹುತ್ತ ಬಗೆದು ಮೂತಿ ತೂರಿಸಿ ಮೊದಲು ಮಣ್ಣು ಊದುತ್ತದೆ, ಆಮೇಲೆ ಹಲ್ಲಿನ ಸಂದಿಯಿಂದ ಗೆದ್ದಲನ್ನು ಸರ್ರನೆ ಹೀರುತ್ತದೆ. ಮಣ್ಣು ಹೋಗದಂತೆ ಮೂಗಿನ ಹೊಳ್ಳೆಯನ್ನೂ ಮುಚ್ಚಿಕೊಳ್ಳುತ್ತದೆ. ಈ ಸದ್ದು ನೂರು ಮೀಟರಿಗೂ ಆಚೆ ಕೇಳುತ್ತದೆ. ಮೊದಲ ಸಲ ಕೇಳಿದಾಗ, ಈ ಸರಿರಾತ್ರಿಯಲ್ಲಿ ಯಾರಪ್ಪ ತಿದಿ ಒತ್ತುತ್ತಿದ್ದಾರೆ ಅಂದುಕೊಂಡಿದ್ದೆ!

ಜೇನು, ಬೋರೆ, ಕವಳೆ, ನೇರಳೆ, ಅತ್ತಿ, ಕಕ್ಕೆಕಾಯಿ ಎಲ್ಲವೂ ಬೇಕು. ತಿಂದ ಹಣ್ಣಿನ ಬೀಜ ಲದ್ದಿಯಲ್ಲಿ ಬಿದ್ದು ಗುಡ್ಡದಲ್ಲಿ ಮೊಳೆಯುತ್ತವೆ. ಗುಡ್ಡದಲ್ಲಿ ಹೊಟ್ಟೆ ತುಂಬದಿದ್ದರೆ ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿಗೆ ಇಳಿಯುತ್ತದೆ. ಬೋರೆ, ಕವಳೆ ಗಿಡ ಕಡಿದು ಬೇಲಿಗೆ ಹಾಕಿದವರು ನಾವೇ, ಕರಡಿ ಬಂತೂಂತ ಬಾಯಿ ಬಡಕೊಳ್ಳುವವರೂ ನಾವೇ.

ಹಗಲೆಲ್ಲ ಬಂಡೆ ಗವಿಯಲ್ಲಿ ಮಲಗಿ ಮುಚ್ಚಂಜೆಗೆ ಹೊರಡುತ್ತದೆ, ಬೆಳಗಾಗುವಾಗ ವಾಪಸು. ಚಳಿಗಾಲದಲ್ಲಿ ಗವಿಯೊಳಗೆ ಮರಿ ಹಾಕುತ್ತದೆ, ಸಾಮಾನ್ಯವಾಗಿ ಎರಡು. ಹೊರಬಂದ ಮರಿಗಳು ತಾಯಿಯ ಬೆನ್ನಿನ ಕೂದಲು ಹಿಡಿದು ಸವಾರಿ ಮಾಡುತ್ತವೆ.

ಕರಡಿಗೆ ಮೂಗು ಚುರುಕು, ಕಣ್ಣು ಮಂದ. ಮೂತಿ ಹುತ್ತದಲ್ಲಿ ಇದ್ದಾಗ ನಾವು ಹತ್ತಿರ ಹೋದದ್ದೂ ಗೊತ್ತಾಗೋದಿಲ್ಲ. ದಿಢೀರನೆ ಎದುರಾದರೆ ಬೆದರಿ ಮೇಲೆ ಬೀಳುತ್ತದೆ, ಮುಖ ತಲೆಗೇ ಉಗುರು ಹಾಕುತ್ತದೆ. ಮರಿ ಜೊತೆಗಿದ್ದರಂತೂ ಕೇಳಬೇಡಿ. ಅದಕ್ಕೇ ನಸುಕಿನಲ್ಲಿ ಚೆಂಬು ಹಿಡಿದು ಹೋಗಲಿ, ಕಾವಲಿಗೆ ಹೋಗಲಿ, ಇಬ್ಬರು ಮಾತಾಡುತ್ತ ಹೋಗಬೇಕು. ಒಬ್ಬರೇ ಇದ್ದರೆ ಕೆಮ್ಮುತ್ತ, ಕೋಲು ಬಡಿಯುತ್ತ ನಡೆಯಿರಿ. ದೂರದಲ್ಲಿ ಕಂಡರೆ ಕಲ್ಲು ಬೀಸಬಾರದು, ಓಡಬಾರದು. ಮುಖ ಅದರ ಕಡೆಗೇ ಇಟ್ಟು ಮೆಲ್ಲಗೆ ಹಿಂದೆ ಸರಿಯಬೇಕು. ಓಟದಲ್ಲಿ ಅದನ್ನು ಗೆಲ್ಲೋಕಾಗಲ್ಲ, ಮರ ಹತ್ತೋದೂ ಅದಕ್ಕೆ ಬರುತ್ತದೆ.

ಬೇಲಿ ತಂತಿಗೆ ಕರೆಂಟು ಕೊಡುವವರಿದ್ದಾರೆ. 1972ರ ಕಾಯ್ದೆಯಲ್ಲಿ ಕರಡಿ ಮೊದಲ ಪಟ್ಟಿಯಲ್ಲಿದೆ, ಕೊಂದರೆ ಜೈಲು. ಅದಕ್ಕಿಂತ, ಕತ್ತಲಲ್ಲಿ ಆ ತಂತಿಗೆ ಮೊದಲು ಸಿಗುವುದು ಪಕ್ಕದ ಹೊಲದವನೋ, ನಮ್ಮದೇ ಎತ್ತೋ ಯಾರು ಬಲ್ಲರು? ದರೋಜಿಯಲ್ಲಿ 1994ರಲ್ಲಿ, ಗುಡೇಕೋಟೆಯಲ್ಲಿ 2013ರಲ್ಲಿ ಕರಡಿಧಾಮ ಆಯಿತು. ಆದರೆ ಕರಡಿಗೆ ಸರಹದ್ದಿನ ಕಲ್ಲು ಓದಲು ಬರೋದಿಲ್ಲ. ಬೆಳೆ ಹಾಳಾದರೆ ಗೆಜ್ಜೆ ತುಳಿದ ಗುರುತು, ಕಿತ್ತ ಬಳ್ಳಿ ಹಾಗೇ ಬಿಟ್ಟು, ಮರುದಿನವೇ ಅರಣ್ಯದವರಿಗೆ ಅರ್ಜಿ ಕೊಡಿ.