ಎರಡನೆಯ ಬೀಗದ ಕೈ

ಬ್ಯಾಂಕಿನ ಲಾಕರನ್ನು ತೆರೆಯಲು ಎರಡು ಬೀಗದ ಕೈಗಳು ಬೇಕೆಂಬುದನ್ನು ವಾಚಕರಲ್ಲಿ ಅನೇಕರು ಬಲ್ಲರು. ಒಂದು ನಮ್ಮ ಕೈಯಲ್ಲಿರುವುದು, ಇನ್ನೊಂದು ಬ್ಯಾಂಕಿನವರ ಕೈಯಲ್ಲಿರುವುದು. ಒಂದರಿಂದಲೇ ಬಾಗಿಲು ತೆರೆಯದು. ನಮ್ಮ ಶರೀರದ ರಕ್ಷಣೆಗೂ ಪ್ರಕೃತಿಯು ಇಂಥದೇ ಏರ್ಪಾಡನ್ನು ಮಾಡಿರುವಳು.

ರಕ್ತದ ಬಿಳಿಯ ಕಣಗಳಲ್ಲಿ ಟಿ ಕಣಗಳೆಂಬ ಒಂದು ಪಂಗಡವುಂಟು. ರೋಗಾಣು ಹೊಕ್ಕ ಜೀವಕೋಶಗಳನ್ನು ಗುರುತಿಸಿ ಕೊಲ್ಲುವುದೂ, ಇತರ ರಕ್ಷಕ ಕಣಗಳನ್ನು ಹುರಿದುಂಬಿಸುವುದೂ ಇವುಗಳ ಕಾರ್ಯ. ದೇಹದಲ್ಲಿ ಪಹರೆ ತಿರುಗುವ ಡೆಂಡ್ರೈಟಿಕ್ ಕೋಶವು ಪರಕೀಯ ವಸ್ತುವಿನ ತುಣುಕೊಂದನ್ನು ತಂದು ಟಿ ಕಣದ ಮುಂದೆ ಹಿಡಿಯುವುದು. ಇದು ಮೊದಲನೆಯ ಸಂಕೇತ. ಆದರೆ ಇಷ್ಟರಿಂದಲೇ ಹೊಸ ಟಿ ಕಣವು ಕಾರ್ಯಕ್ಕಿಳಿಯದು. ಆ ಕೋಶದ ಮೈಮೇಲೆ ಮೂಡಿದ ಬಿ-7 ಎಂಬ ಪ್ರೋಟೀನು, ಟಿ ಕಣದ ಮೇಲಿನ ಸಿ.ಡಿ.-28 ಎಂಬುದರೊಡನೆ ಕೂಡಬೇಕು. ಇದೇ ಎರಡನೆಯ ಸಂಕೇತ. ರೋಗಾಣುವಿನ ಸುಳಿವು ಸಿಕ್ಕಾಗಲೇ ಬಿ-7 ಹೇರಳವಾಗಿ ಮೂಡುವುದು. ಮೊದಲನೆಯ ಸಂಕೇತ ದೊರೆತು ಎರಡನೆಯದು ದೊರೆಯದಿದ್ದರೆ ಟಿ ಕಣವು ಜಡವಾಗಿಬಿಡುವುದು. ನಮ್ಮ ಸೈನ್ಯವು ನಮ್ಮ ಮೇಲೆಯೇ ಏರಿಬಾರದಂತೆ ಇರುವ ಕಟ್ಟುಪಾಡುಗಳಲ್ಲಿ ಇದೊಂದು.

ಈ ಕಟ್ಟನ್ನು ಮೀರಿದರೆ ಏನಾದೀತೆಂಬುದನ್ನು 2006ರ ಮಾರ್ಚ್ 13ರಂದು ಲಂಡನ್ ನಗರ ಕಂಡಿತು. ಟಿ.ಜಿ.ಎನ್. 1412 ಎಂಬ ಹೊಸ ಔಷಧವು, ಮೊದಲನೆಯ ಸಂಕೇತವಿಲ್ಲದೆಯೇ, ಸಿ.ಡಿ.-28ರ ಮೂಲಕ ಟಿ ಕಣಗಳನ್ನು ಕೆರಳಿಸಬಲ್ಲದಾಗಿತ್ತು. ಕೋತಿಗಳಿಗೆ ನಿರಪಾಯವೆಂದು ಕಂಡಿದ್ದ ಪ್ರಮಾಣದ 500ರಲ್ಲಿ ಒಂದು ಪಾಲನ್ನಷ್ಟೇ ಆರು ಮಂದಿ ಆರೋಗ್ಯವಂತ ಯುವಕರಿಗೆ ಕೊಟ್ಟರು. ಕೆಲವೇ ಗಂಟೆಗಳಲ್ಲಿ ಆರು ಮಂದಿಯೂ ಮರಣದ ಅಂಚಿಗೆ ಬಂದರು. ತೀವ್ರ ಚಿಕಿತ್ಸೆಯಿಂದ ಎಲ್ಲರೂ ಬದುಕಿದುದು ಭಾಗ್ಯ. ಕೋತಿಗಳ ಅನುಭವಿ ಟಿ ಕಣಗಳಲ್ಲಿ ಸಿ.ಡಿ.-28 ಉಳಿದಿರುವುದಿಲ್ಲವೆಂಬುದು ಆಮೇಲೆ ತಿಳಿಯಿತು. ಆ ಪ್ರಾಣಿಗಳ ಪರೀಕ್ಷೆ ಮನುಷ್ಯನಿಗೆ ಅಭಯ ನೀಡಲಾರದೆ ಹೋದುದು ಹೀಗೆ.

ಕೆರಳಿದ ಟಿ ಕಣಕ್ಕೆ ಕಡಿವಾಣವೂ ಇದೆ. ಸಿ.ಟಿ.ಎಲ್.ಎ.-4 ಎಂಬ ಪ್ರೋಟೀನು ಸಿ.ಡಿ.-28ಕ್ಕಿಂತ ಬಿಗಿಯಾಗಿ ಬಿ-7ನ್ನು ಹಿಡಿದು, ಎರಡನೆಯ ಸಂಕೇತವನ್ನು ತಡೆಯುವುದು. ಈ ಗುಣವನ್ನೇ ಬಳಸಿಕೊಂಡ ಅಬಾಟಸೆಪ್ಟ್ ಎಂಬ ಔಷಧಕ್ಕೆ 2005ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆತು, ಸಂಧಿವಾತದ ರೋಗಿಗಳಿಗೆ ನೆರವಾಯಿತು. ಜೇಮ್ಸ್ ಅಲಿಸನ್ನರಾದರೋ ವಿರುದ್ಧ ದಿಕ್ಕಿನಲ್ಲಿ ಯೋಚಿಸಿದರು. ಕಡಿವಾಣವನ್ನೇ ಸಡಿಲಿಸಿದರೆ ಟಿ ಕಣಗಳು ಕ್ಯಾನ್ಸರನ್ನು ಎದುರಿಸಲಾರವೇ? 1996ರಲ್ಲಿ ಇಲಿಗಳಲ್ಲಿ ಇದು ಫಲಿಸಿತೆಂದು ಅವರು ಪ್ರಕಟಿಸಿದರು. 2011ರಲ್ಲಿ ಇಪಿಲಿಮುಮಾಬ್ ಔಷಧವು ಚರ್ಮದ ಮೆಲನೋಮ ಎಂಬ ಕ್ಯಾನ್ಸರಿಗೆ ಅಮೆರಿಕದಲ್ಲಿ ಮಾನ್ಯವಾಯಿತು. ಪಿ.ಡಿ.-1 ಎಂಬ ಇನ್ನೊಂದು ಕಡಿವಾಣವನ್ನು ಕಂಡುಹಿಡಿದ ಜಪಾನಿನ ತಸುಕು ಹೊಂಜೊ ಅವರಿಗೂ ಅಲಿಸನ್ನರಿಗೂ 2018ರ ನೊಬೆಲ್ ಪಾರಿತೋಷಕ ಸಂದಿತು.

ಊರಿನಿಂದ ಬಂದ ಬಂಧುಗಳನ್ನು ಪರೇಲಿನ ಟಾಟಾ ಆಸ್ಪತ್ರೆಗೆ ಕರೆದೊಯ್ದ ಮುಂಬಯಿ ಕನ್ನಡಿಗರಿಗೆ ಈ ಔಷಧಗಳ ಹೆಸರು ಹೊಸದಾಗಿರಲಾರದು. ಇವುಗಳ ಬೆಲೆ ಬಹಳ. ಎಲ್ಲ ರೋಗಿಗಳಿಗೂ ಇವು ಫಲಿಸುವುದಿಲ್ಲ. ಕಡಿವಾಣ ಸಡಿಲವಾದ ಕಣಗಳು ಕರುಳು, ಚರ್ಮ, ಶ್ವಾಸಕೋಶಗಳನ್ನೂ ನೋಯಿಸುವುದುಂಟು. ಆದುದರಿಂದ ಮನೆ ಮಾರುವ ಮೊದಲು ವೈದ್ಯರೊಡನೆ ಬಿಚ್ಚುಮನಸ್ಸಿನಿಂದ ಮಾತನಾಡುವುದೂ, ಚಿಕಿತ್ಸೆಯ ನಡುವೆ ಭೇದಿ, ಕೆಮ್ಮು ಕಂಡರೆ ಕೂಡಲೆ ತಿಳಿಸುವುದೂ ಹಿತವೆಂದು ನಾವು ಬಗೆಯುತ್ತೇವೆ. ಕೈಗೆ ಬಂದಿರುವುದು ಸಾಮಾನ್ಯ ಬೀಗದ ಕೈಯಲ್ಲ. ಅದನ್ನು ತಿರುಗಿಸುವವರಿಗೆ ವಿವೇಕವೂ ಬೇಕು.