ನಮ್ಮೂರು ಆ ಪಟ್ಟಿಯಲ್ಲಿದೆಯಾ?

ಪಿಯುಸಿ ಮುಗಿದಾಗಿನಿಂದ ಎಷ್ಟು ಆನ್‌ಲೈನ್ ಅರ್ಜಿ ತುಂಬಿದ್ದೀರಿ ಅಂತ ಒಮ್ಮೆ ಲೆಕ್ಕ ಹಾಕಿ ನೋಡಿ. ಸಿಇಟಿ, ಸ್ಕಾಲರ್‌ಶಿಪ್, ಹಾಸ್ಟೆಲ್, ಬಸ್ ಪಾಸ್, ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದಾದ ಮೇಲೆ ಸಾಲುಸಾಲು ಕೆಲಸದ ಅರ್ಜಿಗಳು. ಎಲ್ಲದರಲ್ಲೂ ನಾವು ಮತ್ತೆ ಮತ್ತೆ ಮಾಡಿದ್ದು ಒಂದೇ ಕೆಲಸ. ಪುಟ್ಟ ಬಾಣದ ಗುರುತಿರುವ ಪೆಟ್ಟಿಗೆ ಒತ್ತುವುದು, ಕೆಳಗಿಳಿಯುವ ಪಟ್ಟಿಯಿಂದ ಒಂದನ್ನು ಆರಿಸುವುದು. ರಾಜ್ಯ ಆರಿಸಿ, ಜಿಲ್ಲೆ ಆರಿಸಿ, ತಾಲ್ಲೂಕು ಆರಿಸಿ, ವರ್ಗ ಆರಿಸಿ. ಈ ಪೆಟ್ಟಿಗೆಗೆ ಡ್ರಾಪ್‌ಡೌನ್ ಅಂತ ಹೆಸರು.

ನಾನು ಕಂಪ್ಯೂಟರ್ ಸೈನ್ಸ್‌ನಲ್ಲಿ ಬಿಇ ಐದನೇ ಸೆಮಿಸ್ಟರ್ ಓದುತ್ತಿದ್ದೇನೆ. ಇಷ್ಟು ದಿನ ಪೆಟ್ಟಿಗೆಯ ಈ ಕಡೆ ಕೂತು ಆರಿಸುತ್ತಿದ್ದವನಿಗೆ ಈ ಸಲ ಆ ಕಡೆ ಕೂರುವ ಅವಕಾಶ ಸಿಕ್ಕಿತು. ನಮ್ಮ ಕಾಲೇಜಿನ ಉದ್ಯೋಗ ಮೇಳದ ನೋಂದಣಿ ಫಾರಂ ಸರಿಪಡಿಸುವ ಕೆಲಸವನ್ನು ಪ್ಲೇಸ್‌ಮೆಂಟ್ ಸರ್ ನಮ್ಮ ನಾಲ್ವರ ತಂಡಕ್ಕೆ ಮಿನಿ ಪ್ರಾಜೆಕ್ಟ್ ಆಗಿ ಕೊಟ್ಟರು. ಸೀನಿಯರ್‌ಗಳು ಬರೆದು ಬಿಟ್ಟುಹೋದ ಹಳೆಯ ಕೋಡ್ ಅದು. ಬರೆದಿದ್ದು ಜೆಕ್ವೆರಿಯಲ್ಲಿ. ‘ಒಂದು ಡ್ರಾಪ್‌ಡೌನ್ ತಾನೇ, ಒಂದು ಸಂಜೆಯ ಕೆಲಸ’ ಅಂತ ಯಾರಿಗಾದರೂ ಅನ್ನಿಸುತ್ತದೆ. ನನಗೆ ಹಾಗೆ ಅನ್ನಿಸದಿರಲು ಕಾರಣ ನನ್ನ ರೂಮ್‌ಮೇಟ್.

ಅವನು ಹರಪನಹಳ್ಳಿ ತಾಲ್ಲೂಕಿನವನು. ಡಿಪ್ಲೊಮಾ ಮುಗಿಸಿ ಲ್ಯಾಟರಲ್ ಎಂಟ್ರಿಯಲ್ಲಿ ಬಿಇಗೆ ಬಂದವನು. ಆ ತಾಲ್ಲೂಕಿನ ಕಥೆ ಗೊತ್ತಿದ್ದವರಿಗೆ ಮುಂದಿನದು ಅರ್ಥವಾಗುತ್ತದೆ. ಮೊದಲು ಬಳ್ಳಾರಿ ಜಿಲ್ಲೆಯಲ್ಲಿದ್ದ ಹರಪನಹಳ್ಳಿ 1997ರಲ್ಲಿ ಹೊಸದಾಗಿ ಹುಟ್ಟಿದ ದಾವಣಗೆರೆ ಜಿಲ್ಲೆಗೆ ಸೇರಿತು. ಆಮೇಲೆ ಮತ್ತೆ ಬಳ್ಳಾರಿಗೆ ಬಂತು. 2021ರಲ್ಲಿ ಬಳ್ಳಾರಿಯಿಂದ ವಿಜಯನಗರ ಬೇರೆಯಾದಾಗ ಅಲ್ಲಿಗೆ ಹೋಯಿತು. ನನ್ನ ಗೆಳೆಯ ಹುಟ್ಟಿದಾಗ ದಾವಣಗೆರೆ ಜಿಲ್ಲೆಯವನು, ಎಸ್ಸೆಸ್ಸೆಲ್ಸಿ ಬರೆಯುವಾಗ ಬಳ್ಳಾರಿಯವನು, ಡಿಪ್ಲೊಮಾ ಮುಗಿಸುವಾಗ ವಿಜಯನಗರದವನು. ಮನೆ ಮಾತ್ರ ಅದೇ ಓಣಿಯಲ್ಲಿ, ಅದೇ ಬೇವಿನ ಮರದ ಪಕ್ಕ ಇದೆ.

ಕಳೆದ ವರ್ಷ ಅವನು ಡಿಪ್ಲೊಮಾ ಆದವರಿಗೆ ಕರೆದಿದ್ದ ಒಂದು ಕೆಲಸಕ್ಕೆ ಅರ್ಜಿ ಹಾಕಲು ಕೂತ. ಜಿಲ್ಲೆಯಲ್ಲಿ ವಿಜಯನಗರ ಇತ್ತು. ತಾಲ್ಲೂಕಿನ ಪಟ್ಟಿ ತೆರೆದರೆ ಹರಪನಹಳ್ಳಿ ಇಲ್ಲ. ‘ಲೇ, ನಮ್ ತಾಲ್ಲೂಕೇ ಇಲ್ಲಲೇ ಇದ್ರಾಗೆ’ ಅಂದ. ಹುಡುಕಿದರೆ ಅದು ಇನ್ನೂ ದಾವಣಗೆರೆಯ ಕೆಳಗೇ ಕೂತಿತ್ತು. ಹೋಗಲಿ ಅಂತ ದಾವಣಗೆರೆ ಆರಿಸಿದರೆ ಕಲ್ಯಾಣ ಕರ್ನಾಟಕ ಮೀಸಲಾತಿ ಕೇಳುವ ಕಾಲಂ ಪರದೆಯಿಂದಲೇ ಮಾಯ. ಸಂವಿಧಾನದ 371 ಜೆ ವಿಧಿಯ ಸೌಲಭ್ಯ ವಿಜಯನಗರ ಜಿಲ್ಲೆಗೆ ಇದೆ, ದಾವಣಗೆರೆಗೆ ಇಲ್ಲ. ವಿಜಯನಗರ ಆರಿಸಿ ಬೇರೆ ತಾಲ್ಲೂಕು ಒತ್ತಿದರೆ ದಾಖಲೆ ಪರಿಶೀಲನೆಯಲ್ಲಿ ಸುಳ್ಳು ಮಾಹಿತಿ ಆಗುತ್ತದೆ. ಇಮೇಲ್ ಬರೆದ, ಸಹಾಯವಾಣಿಗೆ ಫೋನ್ ಹಚ್ಚಿದ. ಉತ್ತರ ಬರುವ ಮೊದಲು ಕೊನೆಯ ದಿನಾಂಕ ಬಂತು. ಯಾವ ಜಾಲತಾಣ ಅನ್ನುವುದು ಇಲ್ಲಿ ಬೇಡ. ಅವನ ಓದು, ಅಂಕ, ಅರ್ಹತೆ ಯಾವುದರಲ್ಲೂ ಕೊರತೆ ಇರಲಿಲ್ಲ. ಪಟ್ಟಿಯಲ್ಲಿ ಒಂದು ಸಾಲು ಇರಬೇಕಾದ ಜಾಗದಲ್ಲಿ ಇರಲಿಲ್ಲ, ಅಷ್ಟೇ.

ಆ ಸಾಲು ಎಲ್ಲಿಂದ ಬರುತ್ತದೆ? ವೆಬ್ ಪುಟದ ಭಾಷೆಯಾದ ಎಚ್‌ಟಿಎಂಎಲ್‌ನಲ್ಲಿ ಈ ಪೆಟ್ಟಿಗೆಗೆ ‘ಸೆಲೆಕ್ಟ್’ ಅಂತಲೂ ಒಳಗಿನ ಒಂದೊಂದು ಸಾಲಿಗೆ ‘ಆಪ್ಷನ್’ ಅಂತಲೂ ಹೆಸರು. 1995ರ ಎಚ್‌ಟಿಎಂಎಲ್ 2.0 ನಿಯಮಾವಳಿಯಲ್ಲೇ ಇವೆರಡೂ ಇದ್ದವು. ಅಂದರೆ ನನಗಿಂತ, ನಿಮ್ಮಲ್ಲಿ ಬಹಳ ಜನರಿಗಿಂತ ಡ್ರಾಪ್‌ಡೌನ್ ಹಿರಿಯ.

ಪ್ರತಿ ಆಪ್ಷನ್‌ಗೂ ಎರಡು ಮುಖ. ಒಂದು ನಮಗೆ ಕಾಣುವ ಹೆಸರು. ಇನ್ನೊಂದು ಕಾಣದ ‘ವ್ಯಾಲ್ಯೂ’. ಸಲ್ಲಿಸು ಒತ್ತಿದಾಗ ಸರ್ವರ್‌ಗೆ ಹೋಗುವುದು ಈ ಎರಡನೆಯದು. ಶಾಲೆಯ ಹಾಜರಿ ಪುಸ್ತಕ ನೆನಪಿಸಿಕೊಳ್ಳಿ. ಹೆಸರಿನ ಪಕ್ಕ ರೋಲ್ ನಂಬರ್ ಇರುತ್ತಿತ್ತಲ್ಲ, ಹಾಗೆ. ಒಂದೇ ಹೆಸರಿನ ಇಬ್ಬರು ಮಂಜುನಾಥರು ಇದ್ದರೂ ನಂಬರ್ ಬೇರೆ ಬೇರೆ. ಹೊಸಹಳ್ಳಿ ಅನ್ನುವ ಊರು ನಮ್ಮಲ್ಲಿ ಎಷ್ಟು ತಾಲ್ಲೂಕುಗಳಲ್ಲಿ ಇಲ್ಲ ಹೇಳಿ! ಹೆಸರನ್ನೇ ವ್ಯಾಲ್ಯೂ ಮಾಡಿದರೆ ಯಾವ ಹೊಸಹಳ್ಳಿ ಅಂತ ಕಂಪ್ಯೂಟರ್‌ಗೆ ಗೊತ್ತಾಗುವುದಿಲ್ಲ.

ಹೆಸರು ಬದಲಾಗುವುದೂ ಉಂಟು. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಇಂಗ್ಲಿಷ್ ಹೆಸರು ಬದಲಾಯಿತು. ಗುಲ್ಬರ್ಗ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ಹೆಸರನ್ನೇ ಉಳಿಸಿಟ್ಟ ಡೇಟಾದಲ್ಲಿ ಹಳೆಯವರು ಗುಲ್ಬರ್ಗದವರಾಗಿ, ಹೊಸಬರು ಕಲಬುರಗಿಯವರಾಗಿ ಎರಡು ಗುಂಪಾಗುತ್ತಾರೆ. ಸಂಕೇತ ಸಂಖ್ಯೆ ಇಟ್ಟಿದ್ದರೆ ಕಾಣುವ ಹೆಸರನ್ನು ಬದಲಿಸಿದರೆ ಸಾಕಿತ್ತು. ಇದಕ್ಕಾಗಿಯೇ ಕೇಂದ್ರದ ಪಂಚಾಯತ್ ರಾಜ್ ಸಚಿವಾಲಯದ ಲೋಕಲ್ ಗವರ್ನಮೆಂಟ್ ಡೈರೆಕ್ಟರಿ ಇದೆ. ರಾಜ್ಯ, ಜಿಲ್ಲೆ, ಗ್ರಾಮಗಳಿಗೆ ಅದರಲ್ಲಿ ಒಂದೊಂದು ಸಂಕೇತವಿದೆ. ಕರ್ನಾಟಕದ್ದು 29. ನಮ್ಮ ತಂಡ ಮಾಡಿದ ಮೊದಲ ಕೆಲಸ ಹಳೆಯ ಪಟ್ಟಿ ತೆಗೆದು ಈ ಸಂಕೇತಗಳನ್ನು ಹಾಕಿದ್ದು.

ಇನ್ನು ಜೆಕ್ವೆರಿ. ಜಾನ್ ರೆಸಿಗ್ ಎಂಬ ಅಮೆರಿಕದ ಯುವಕ 2006ರ ಜನವರಿಯಲ್ಲಿ ನ್ಯೂಯಾರ್ಕ್‌ನ ಬಾರ್‌ಕ್ಯಾಂಪ್‌ನಲ್ಲಿ ಇದನ್ನು ಬಿಡುಗಡೆ ಮಾಡಿದರು. ಆಗ ಅವರ ವಯಸ್ಸು 21, ಹೆಚ್ಚುಕಡಿಮೆ ನಮ್ಮ ವಯಸ್ಸೇ. ಆಗಿನ ದಿನಗಳಲ್ಲಿ ಒಂದೊಂದು ಬ್ರೌಸರ್‌ಗೂ ಒಂದೊಂದು ಥರ ಜಾವಾಸ್ಕ್ರಿಪ್ಟ್ ಬರೆಯಬೇಕಿತ್ತು. ಜೆಕ್ವೆರಿ ಆ ಜಂಜಾಟವನ್ನು ತನ್ನ ಮೈಮೇಲೆ ಎಳೆದುಕೊಂಡಿತು. ಒಂದು ಡಾಲರ್ ಚಿಹ್ನೆ, ಆವರಣದೊಳಗೆ ಪೆಟ್ಟಿಗೆಯ ಗುರುತು, ಮುಂದೆ ಒಂದು ಚುಕ್ಕಿ, ಆಮೇಲೆ ‘ವ್ಯಾಲ್’ ಎಂಬ ಆಜ್ಞೆ. ಆರಿಸಿದ ವ್ಯಾಲ್ಯೂ ಕೈಗೆ ಬಂತು. ಅದೇ ‘ವ್ಯಾಲ್’ ಒಳಗೆ 29 ಅಂತ ಬರೆದರೆ ಕರ್ನಾಟಕ ತಾನಾಗಿ ಆಯ್ಕೆಯಾಗುತ್ತದೆ.

ಜಿಲ್ಲೆ ಆರಿಸಿದ ಕೂಡಲೇ ತಾಲ್ಲೂಕಿನ ಪಟ್ಟಿ ಬದಲಾಗುವುದನ್ನು ನೋಡಿರುತ್ತೀರಿ. ಪಹಣಿ ನೋಡಲು ಭೂಮಿ ಜಾಲತಾಣಕ್ಕೆ ಹೋದರೆ ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ ಅಂತ ಮೆಟ್ಟಿಲು ಮೆಟ್ಟಿಲಾಗಿ ಇಳಿಯಬೇಕಲ್ಲ, ಅದೇ. ಇದರ ಹಿಂದಿನ ಹೆಜ್ಜೆಗಳು ಇಷ್ಟು: ಜಿಲ್ಲೆಯ ಪೆಟ್ಟಿಗೆಯಲ್ಲಿ ‘ಚೇಂಜ್’ ಆಯಿತೇ ಅಂತ ಕಾಯುವುದು. ಆದ ತಕ್ಷಣ ಹೊಸ ಸಂಕೇತ ಓದುವುದು. ತಾಲ್ಲೂಕಿನ ಪೆಟ್ಟಿಗೆಯನ್ನು ‘ಎಂಪ್ಟಿ’ ಮಾಡುವುದು. ಆ ಜಿಲ್ಲೆಯ ತಾಲ್ಲೂಕುಗಳನ್ನು ಸರ್ವರ್‌ನಿಂದ ತರಿಸಿ ಒಂದೊಂದಾಗಿ ‘ಅಪೆಂಡ್’ ಮಾಡುವುದು. ಮಧ್ಯದ ಎಂಪ್ಟಿ ಬಿಟ್ಟರೆ ಹಾಸನ ಆರಿಸಿದವನಿಗೆ ತುಮಕೂರಿನ ತಾಲ್ಲೂಕುಗಳೂ ಸೇರಿ ಕಾಣುತ್ತವೆ.

ಸೀನಿಯರ್‌ಗಳ ಕೋಡ್ ಓದುವಾಗ ನಮಗೆ ಸಿಕ್ಕ ಮೂರು ಗಂಟುಗಳನ್ನು ಹೇಳಿಬಿಡುತ್ತೇನೆ. ಸಂದರ್ಶನಕ್ಕೆ ಹೋಗುವವರಿಗೂ ಉಪಯೋಗಕ್ಕೆ ಬರಬಹುದು.

ಮೊದಲನೆಯದು, ಕೋಡ್ ಮೂಲಕ ವ್ಯಾಲ್ಯೂ ಬದಲಿಸಿದರೆ ‘ಚೇಂಜ್’ ತಾನಾಗಿ ನಡೆಯುವುದಿಲ್ಲ. ಬಳಕೆದಾರ ಕೈಯಾರೆ ಬದಲಿಸಿದಾಗ ಮಾತ್ರ ನಡೆಯುತ್ತದೆ. ಅರ್ಧ ತುಂಬಿ ಉಳಿಸಿದ ಅರ್ಜಿ ಮತ್ತೆ ತೆರೆದಾಗ ಜಿಲ್ಲೆ ಇದ್ದು ತಾಲ್ಲೂಕು ಖಾಲಿ ಇರುವುದಕ್ಕೆ ಇದು ಒಂದು ಕಾರಣ. ಜಿಲ್ಲೆ ಹಾಕಿದ ಮೇಲೆ ‘ಟ್ರಿಗರ್’ ಎಂಬ ಆಜ್ಞೆ ಕೊಟ್ಟು ಎಬ್ಬಿಸಬೇಕು.

ಎರಡನೆಯದು, ನಿಧಾನದ ನೆಟ್‌ವರ್ಕ್. ತುಮಕೂರು ಒತ್ತಿ, ತಕ್ಷಣ ಹಾಸನಕ್ಕೆ ಬದಲಿಸಿದಿರಿ ಅಂದುಕೊಳ್ಳಿ. ಎರಡು ಬೇಡಿಕೆ ಹೋದವು. ಹಾಸನದ ಉತ್ತರ ಮೊದಲು ಬಂದು ತುಮಕೂರಿನದು ತಡವಾಗಿ ಬಂದರೆ ಮೇಲೆ ಹಾಸನ, ಕೆಳಗೆ ತಿಪಟೂರು! ಹಳೆಯ ಬೇಡಿಕೆಯನ್ನು ‘ಅಬಾರ್ಟ್’ ಮಾಡಬೇಕು, ಇಲ್ಲವೇ ಉತ್ತರ ಬಂದಾಗ ‘ಈಗಲೂ ಇದೇ ಜಿಲ್ಲೆಯೇ’ ಅಂತ ಪರೀಕ್ಷಿಸಬೇಕು. ಕಾಲೇಜಿನ ವೈಫೈನಲ್ಲಿ ಇದು ಕಾಣುವುದೇ ಕಷ್ಟ. ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಅರ್ಜಿ ತುಂಬುವವರಿಗೆ ಸುಲಭವಾಗಿ ಎದುರಾಗುತ್ತದೆ.

ಮೂರನೆಯದು, ಏನನ್ನೂ ಹೇಳದಿದ್ದರೆ ಬ್ರೌಸರ್ ಪಟ್ಟಿಯ ಮೊದಲ ಸಾಲನ್ನೇ ಆಯ್ಕೆ ಮಾಡಿಟ್ಟಿರುತ್ತದೆ. ಮುಟ್ಟದೇ ಬಿಟ್ಟರೂ ಅದು ಉತ್ತರವಾಗಿ ಹೋಗುತ್ತದೆ. ಜಾತಿ ವರ್ಗ, ಪರೀಕ್ಷಾ ಕೇಂದ್ರದಂಥ ಕಡೆ ಇದು ಎಷ್ಟು ದುಬಾರಿ ಯೋಚಿಸಿ. ಮೊದಲ ಸಾಲಿನಲ್ಲಿ ‘ಆರಿಸಿ’ ಅಂತ ಬರೆದು, ಅದರ ವ್ಯಾಲ್ಯೂ ಖಾಲಿ ಬಿಟ್ಟು, ಪೆಟ್ಟಿಗೆಗೆ ‘ರಿಕ್ವೈರ್ಡ್’ ಅಂತ ಹೇಳಿದರೆ ಬ್ರೌಸರೇ ತಡೆದು ಕೇಳುತ್ತದೆ.

ಕನ್ನಡದ ಆವೃತ್ತಿ ಮಾಡುವಾಗ ಇನ್ನೊಂದು ಮಜಾ ಇತ್ತು. ಇಂಗ್ಲಿಷ್ ಅಕ್ಷರ ಕ್ರಮದ ಪಟ್ಟಿಯನ್ನು ಹಾಗೇ ಕನ್ನಡಕ್ಕೆ ತಿರುಗಿಸಿದ್ದರು. ಬಾಗಲಕೋಟೆ ಮೊದಲು, ಉಡುಪಿ 31 ಜಿಲ್ಲೆಗಳಲ್ಲಿ 27ನೆಯದು. ಕನ್ನಡ ಓದುವವನು ‘ಉ’ ಅಕ್ಷರವನ್ನು ಮೇಲೆ ಹುಡುಕುತ್ತಾನೆ. ವರ್ಣಮಾಲೆಯ ಕ್ರಮಕ್ಕೆ ತಂದಾಗ ಉಡುಪಿ ಎಲ್ಲರಿಗಿಂತ ಮೊದಲು ಬಂತು, ಹಾವೇರಿ ಮತ್ತು ಹಾಸನ ಕೊನೆಗೆ ಹೋದವು. ಕನ್ನಡದ ಕ್ರಮದಲ್ಲಿ ಜೋಡಿಸುವ ಸೌಲಭ್ಯ ಜಾವಾಸ್ಕ್ರಿಪ್ಟ್‌ನಲ್ಲೇ ಇದೆ. ಕೇಳಿಕೊಳ್ಳಬೇಕು ಅಷ್ಟೇ.

ಉದ್ದದ ಪಟ್ಟಿಯಲ್ಲಿ ಹುಡುಕಲು ಸೆಲೆಕ್ಟ್2 ಎಂಬ ಜೆಕ್ವೆರಿ ಪ್ಲಗಿನ್ ಸಿಗುತ್ತದೆ. ಬಿಜಾಪುರ ಅಂತ ಟೈಪ್ ಮಾಡಿದರೂ ವಿಜಯಪುರ ಸಿಗುವಂತೆ ಅದರಲ್ಲಿ ಹೊಂದಿಸಬಹುದು. ಆದರೆ ಚಂದಕ್ಕಾಗಿ ಬರೀ ಬಣ್ಣದ ಡಬ್ಬಿಗಳಿಂದ ಸ್ವಂತ ಡ್ರಾಪ್‌ಡೌನ್ ಕಟ್ಟುವ ಮೊದಲು ಯೋಚಿಸಿ. ಮೂಲ ಸೆಲೆಕ್ಟ್ ಕೀಬೋರ್ಡ್‌ಗೆ ಬಗ್ಗುತ್ತದೆ, ದೃಷ್ಟಿದೋಷವಿರುವವರು ಬಳಸುವ ಸ್ಕ್ರೀನ್ ರೀಡರ್‌ಗೆ ಓದಲು ಬರುತ್ತದೆ. ನಾವು ಕಟ್ಟಿದ ಡಬ್ಬಿಗೆ ಅದನ್ನೆಲ್ಲ ನಾವೇ ಕಲಿಸಬೇಕು.

‘ಈಗ ರಿಯಾಕ್ಟ್ ಕಾಲ, ಜೆಕ್ವೆರಿ ಯಾಕೋ?’ ಅಂತ ಕ್ಲಾಸ್‌ಮೇಟ್‌ಗಳು ಕಾಲೆಳೆದರು. ಮಾತು ಸುಳ್ಳಲ್ಲ. ಇದರಲ್ಲಿ ಮಾಡುವ ಬಹುಪಾಲು ಕೆಲಸ ಇಂದು ಬರಿಯ ಜಾವಾಸ್ಕ್ರಿಪ್ಟ್‌ನಲ್ಲೂ ಆಗುತ್ತದೆ. ಹೊಸದಾಗಿ ಶುರು ಮಾಡುವವರು ಅದನ್ನೇ ಮೊದಲು ಕಲಿಯಿರಿ. ಆದರೆ ವರ್ಡ್‌ಪ್ರೆಸ್ ಜತೆಗೆ ಜೆಕ್ವೆರಿ ಇಂದಿಗೂ ಬರುತ್ತದೆ, ಹಳೆಯ ಜಾಲತಾಣಗಳಲ್ಲಿ ಇನ್ನೂ ಓಡುತ್ತಿದೆ. ಕೆಲಸಕ್ಕೆ ಸೇರಿದ ಮೊದಲ ದಿನ ಫ್ರೆಶರ್ ಕೈಗೆ ಹೊಸ ಪ್ರಾಜೆಕ್ಟೇ ಸಿಗುತ್ತದೆ ಅನ್ನುವ ಖಾತ್ರಿ ಏನಿದೆ? ಬೇರೆಯವರ ಹಳೆಯ ಕೋಡ್ ಓದಿ, ಒಡೆಯದಂತೆ ರಿಪೇರಿ ಮಾಡುವುದೂ ಒಂದು ವಿದ್ಯೆ.

ಪೆಟ್ಟಿಗೆಯ ಈ ಕಡೆ ಇರುವ ಗೆಳೆಯರಿಗೂ ಒಂದಿಷ್ಟು ಮಾತು. ಜಿಲ್ಲೆಯನ್ನು ಆಮೇಲೆ ಬದಲಿಸಿದರೆ ಕೆಳಗಿನ ತಾಲ್ಲೂಕನ್ನು ಮತ್ತೆ ನೋಡಿ. ನಮ್ಮ ಕಾಲೇಜು ರಸ್ತೆಯಲ್ಲಿ ಸೈಬರ್ ಸೆಂಟರ್ ನಡೆಸುವ ಅಕ್ಕ ಹೇಳಿದ್ದು: ‘ತಮ್ಮಾ, ಆರಿಸಿದ ಮೇಲೆ ಪೆಟ್ಟಿಗೆಯಿಂದ ಹೊರಗೆ ಒಂದ್ಸಲ ಕ್ಲಿಕ್ ಮಾಡ್ಬಿಡು. ಬಾಣದ ಬಟನ್ ತಾಗಿದ್ರೂ ಆಯ್ಕೆ ಜಾರಿಹೋಗುತ್ತೆ.’ ಅವರ ಅನುಭವದ ಮಾತು ತಾಂತ್ರಿಕವಾಗಿಯೂ ಸರಿ. ಸಲ್ಲಿಸುವ ಮೊದಲು ಪ್ರಿವ್ಯೂ ಪುಟದಲ್ಲಿ ಡ್ರಾಪ್‌ಡೌನ್ ಉತ್ತರಗಳನ್ನೇ ಬೆರಳಿಟ್ಟು ಓದಿ. ನಿಮ್ಮ ಊರು ಪಟ್ಟಿಯಲ್ಲಿ ಇಲ್ಲದಿದ್ದರೆ ಪಕ್ಕದ ಊರು ಒತ್ತಬೇಡಿ. ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದು ಬರೆದು ಕೇಳಿ. ಅದಕ್ಕೆ ಸಮಯ ಬೇಕು, ಆದ್ದರಿಂದ ಕೊನೆಯ ದಿನಕ್ಕೆ ಅರ್ಜಿ ಇಟ್ಟುಕೊಳ್ಳಬೇಡಿ.

ನಮ್ಮ ಫಾರಂನ ತಾಲ್ಲೂಕು ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಹೆಚ್ಚಿಗೆ ಸೇರಿಸಿದೆವು: ‘ನನ್ನ ತಾಲ್ಲೂಕು ಇಲ್ಲಿಲ್ಲ’. ಅದನ್ನು ಆರಿಸಿದರೆ ಬರೆಯಲು ಖಾಲಿ ಜಾಗ ತೆರೆದುಕೊಳ್ಳುತ್ತದೆ. ಜೆಕ್ವೆರಿಯಲ್ಲಿ ನಾಲ್ಕೈದು ಸಾಲಿನ ಕೆಲಸ. ‘ಯಾರು ಬಳಸ್ತಾರಪ್ಪಾ’ ಅಂದಿದ್ದರು ಸರ್. ನೋಂದಣಿ ಶುರುವಾದ ವಾರದಲ್ಲೇ ಆಂಧ್ರದ ಗಡಿಯ ಮಡಕಶಿರಾದ ಒಬ್ಬ ಹುಡುಗಿ ಅದರಲ್ಲಿ ತನ್ನ ಊರು ಬರೆದಳು. ಕನ್ನಡದಲ್ಲೇ ಬರೆದಿದ್ದಳು. ಕರ್ನಾಟಕದ ಪಟ್ಟಿಯಲ್ಲಿ ಅವಳ ಊರು ಇರಲು ಸಾಧ್ಯವೇ ಇರಲಿಲ್ಲ. ಆ ಒಂದು ಸಾಲು ಇಲ್ಲದಿದ್ದರೆ ಅವಳು ಮೇಳಕ್ಕೆ ಬರುತ್ತಿರಲಿಲ್ಲ, ಬರಲಿಲ್ಲ ಅನ್ನುವುದು ನಮಗೆ ತಿಳಿಯುತ್ತಲೂ ಇರಲಿಲ್ಲ.