ಕಂಪನಿ ಲೆನ್ಸೇ ಆಗಬೇಕೆ?

ಮದುವೆ ಛತ್ರದಲ್ಲಿ ನನ್ನ ಲೆನ್ಸಿನ ಮೇಲೆ ಯಾರ ಹೆಸರಿದೆ ಎಂದು ಹೆಣ್ಣಿನ ಅಪ್ಪ ಯಾವತ್ತೂ ಕೇಳಿದವರಲ್ಲ. ಕೇಳುವವರು ಪಕ್ಕದಲ್ಲಿ ನಿಂತ ವಿಡಿಯೊ ಹುಡುಗರು. "ಸರ್, ಬಾಡಿ ಸೋನಿ ಇಟ್ಕೊಂಡು ಲೆನ್ಸ್ ಯಾಕೆ ಟ್ಯಾಮ್ರಾನ್ ಹಾಕಿದ್ದೀರಿ?" ದುಡ್ಡಿಲ್ಲದ್ದಕ್ಕೆ ಎನ್ನುವುದು ಅರ್ಧ ಉತ್ತರ ಮಾತ್ರ.

ಆ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ. ಸೋನಿ ತನ್ನ 24-70 ಎಂಎಂ ಎಫ್ 2.8 ಜಿ ಮಾಸ್ಟರ್ ಲೆನ್ಸನ್ನು 2016ರಲ್ಲಿ ತಂದಾಗ ಅಮೆರಿಕದಲ್ಲಿ ಅದರ ಬೆಲೆ 2,199 ಡಾಲರ್. ಎರಡು ವರ್ಷದ ಮೇಲೆ ಟ್ಯಾಮ್ರಾನ್ 28-75 ಎಂಎಂ ಬಂತು. ಅಪರ್ಚರ್ ಅದೇ ಎಫ್ 2.8, ಬೆಲೆ 799 ಡಾಲರ್. ಸೋನಿಯದು 886 ಗ್ರಾಂ, ಇದು 550. ಬೆಳಗಿನ ಮುಹೂರ್ತದಿಂದ ರಾತ್ರಿ ಆರತಕ್ಷತೆ ಮುಗಿಯುವ ತನಕ ಕ್ಯಾಮೆರಾ ಹೊರುವವರಿಗೆ ಈ ವ್ಯತ್ಯಾಸ ಮಣಿಕಟ್ಟಿನಲ್ಲಿ ಗೊತ್ತಾಗುತ್ತದೆ.

ಕಳೆದುಕೊಂಡದ್ದೂ ಇದೆ. 24 ಎಂಎಂ ಲೆನ್ಸು ಮೂಲೆಯಿಂದ ಮೂಲೆಗೆ ಸುಮಾರು 84 ಡಿಗ್ರಿ ನೋಡುತ್ತದೆ, 28 ಎಂಎಂ 75 ಡಿಗ್ರಿ. ಎರಡೂ ಕಡೆಯ ನೆಂಟರು ವೇದಿಕೆ ತುಂಬ ಸಾಲು ನಿಂತು, ನನ್ನ ಬೆನ್ನ ಹಿಂದೆ ಕುರ್ಚಿಗಳಿದ್ದರೆ, ತುದಿಯಲ್ಲಿ ನಿಂತ ಚಿಕ್ಕಪ್ಪ ಅರ್ಧವೇ ಬರುತ್ತಾರೆ. ಅರ್ಧ ಬಂದ ಚಿಕ್ಕಪ್ಪನೇ ಆಲ್ಬಂ ಮೊದಲು ನೋಡುವವರು! ಎಫ್ 2.8ರಲ್ಲಿ ಮೂಲೆಗಳೂ ತುಸು ಮೆತ್ತಗೆ. ಆದರೆ ಮಂಟಪದ ಮೂಲೆಯಲ್ಲಿರುವುದು ಬಾಳೆಕಂದು. ತಾಳಿ ಕಟ್ಟುವ ಕೈಗಳು ನಡುವೆ ಇರುತ್ತವೆ, ಅಲ್ಲಿ ನನಗೆ ಎರಡೂ ಲೆನ್ಸುಗಳ ಚಿತ್ರಗಳಲ್ಲಿ ಭೇದ ಕಂಡಿಲ್ಲ.

ಇನ್ನರ್ಧ ಉತ್ತರ ಗಾಜಿನದು. ಥರ್ಡ್ ಪಾರ್ಟಿ, ಅಂದರೆ ಬಾಡಿ ಮಾಡಿದವರಲ್ಲದ ಬೇರೆ ಕಂಪನಿಯ ಲೆನ್ಸು ಎಂದೊಡನೆ ನಕಲಿ ಮಾಲು ಎಂಬ ಭಾವನೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಟ್ಯಾಮ್ರಾನ್ 1950ರಲ್ಲಿ ಹುಟ್ಟಿದ ಜಪಾನಿನ ಕಂಪನಿ. ಸಿಗ್ಮಾ 1961ರದು, ಅದರ ಕಾರ್ಖಾನೆ ಇರುವುದು ಫುಕುಶಿಮಾ ಪ್ರಾಂತದ ಐಜುವಿನಲ್ಲಿ. ಟ್ಯಾಮ್ರಾನ್‌ನಲ್ಲಿ ಸ್ವತಃ ಸೋನಿಯ ಷೇರಿದೆ. ನಿಕಾನ್ ತನ್ನ ಜಡ್ ಕ್ಯಾಮೆರಾಗಳಿಗೆ ತಂದ 28-75 ಎಫ್ 2.8 ನೋಡಿ: 12 ಗುಂಪುಗಳಲ್ಲಿ 15 ಗಾಜು, 67 ಎಂಎಂ ಫಿಲ್ಟರ್, 19 ಸೆಂಟಿಮೀಟರಿನಷ್ಟು ಹತ್ತಿರದ ಫೋಕಸ್. ಟ್ಯಾಮ್ರಾನಿನ ಆ ಮೊದಲ ಲೆನ್ಸಿನ ಅಂಕಿಗಳೂ ಇವೇ. ಬಂದಾಗ ನಿಕಾನ್ ಬೆಲೆ ಮಾತ್ರ 1,199 ಡಾಲರ್ ಇತ್ತು. ಅಂಕಿಗಳ ಈ ಹೋಲಿಕೆ ಆಕಸ್ಮಿಕ ಎಂದು ನಂಬುವಷ್ಟು ಮುಗ್ಧ ನಾನಲ್ಲ.

ಹಾಗಾದರೆ ಹಳೆಯ ಕೆಟ್ಟ ಹೆಸರು ಬಂದದ್ದೆಲ್ಲಿಂದ? ಗಾಜಿಗಿಂತ ಹೆಚ್ಚಾಗಿ ಮೌಂಟಿನಿಂದ, ಅಂದರೆ ಲೆನ್ಸು ಬಾಡಿಗೆ ಕೂರುವ ಜಾಗದಿಂದ. ಬಾಡಿ ಮತ್ತು ಲೆನ್ಸು ವಿದ್ಯುತ್ ಸಂಕೇತಗಳಲ್ಲಿ ಮಾತಾಡಿಕೊಳ್ಳುತ್ತವೆ. ಕ್ಯಾನನ್ ಆ ಗುಟ್ಟು ಬಿಟ್ಟುಕೊಡದಿದ್ದಾಗ ಬೇರೆಯವರು ಅದನ್ನು ಬಿಡಿಸಿ, ಊಹಿಸಿ ಲೆನ್ಸು ಮಾಡಿದರು. ಹೊಸ ಬಾಡಿ ಬಂದಾಗ ಕೆಲವು ಹಳೆಯ ಸಿಗ್ಮಾ ಲೆನ್ಸುಗಳು ಕೈಕೊಟ್ಟವು, ಒಳಗಿನ ಚಿಪ್ ಬದಲಿಸಬೇಕಾಯಿತು. ಸೋನಿ 2011ರಲ್ಲಿ ಇ ಮೌಂಟಿನ ಮೂಲ ವಿವರಗಳನ್ನು ಹೊರಗಿನವರಿಗೂ ಕೊಟ್ಟಿತು. ಇವತ್ತು ಆ ಮೌಂಟಿಗೆ ಇಷ್ಟೊಂದು ಆಯ್ಕೆ ಇರುವುದಕ್ಕೆ ಅದು ದೊಡ್ಡ ಕಾರಣ. ಕ್ಯಾನನ್ನಿನ ಆರ್‌ಎಫ್ ಮೌಂಟ್ ಬಂದದ್ದು 2018ರಲ್ಲಿ. ಸಿಗ್ಮಾ, ಟ್ಯಾಮ್ರಾನ್‌ಗಳಿಗೆ ಅದು 2024ರಲ್ಲಿ ಬಾಗಿಲು ತೆಗೆದದ್ದೂ ಚಿಕ್ಕ ಸೆನ್ಸರಿನ ಲೆನ್ಸುಗಳಿಗಷ್ಟೇ. ಹಾಗಾಗಿ ಲೆನ್ಸಿನ ಖರ್ಚು ಶುರುವಾಗುವುದು ಬಾಡಿ ಆರಿಸುವ ದಿನವೇ.

ಹಕ್ಕಿ ಚಿತ್ರ ತೆಗೆಯುವವರ ಲೆಕ್ಕ ಬೇರೆ. ಟ್ಯಾಮ್ರಾನ್, ಸಿಗ್ಮಾಗಳ 150-600 ಲೆನ್ಸುಗಳು ರಂಗನತಿಟ್ಟಿಗೆ ಹೋಗುವ ಸಂಬಳದಾರರ ಕೈಗೂ 600 ಎಂಎಂ ಎಟಕುವಂತೆ ಮಾಡಿದವು, ನಿಜ. ಆದರೆ ಸೋನಿ ಎ1 ಬಾಡಿ ಸೆಕೆಂಡಿಗೆ 30 ಚಿತ್ರ ಹೊಡೆದರೂ ಹೊರಗಿನವರ ಲೆನ್ಸು ಹಾಕಿದರೆ 15ಕ್ಕೆ ನಿಲ್ಲುತ್ತದೆ. ಮಿಂಚುಳ್ಳಿ ನೀರಿಗೆ ಧುಮುಕುವುದನ್ನು ಹಿಡಿಯಬೇಕೆಂದು ಅಷ್ಟು ದುಬಾರಿ ಬಾಡಿ ಕೊಂಡವರು ಸೋನಿಯದೇ 200-600 ತೆಗೆದುಕೊಳ್ಳುವುದು ಸರಿ. ಅಲ್ಲಿ ನಾನೂ ಕಂಪನಿ ಲೆನ್ಸಿನ ಕಡೆ. ಸೆಕೆಂಡ್ ಹ್ಯಾಂಡ್ ಮಾರುವಾಗಲೂ ಕಂಪನಿ ಹೆಸರಿಗೆ ನಾಲ್ಕು ಕಾಸು ಹೆಚ್ಚು ಹುಟ್ಟುತ್ತದೆ.

ಛತ್ರದ ಕೆಲಸಕ್ಕೆ, ಮನೆಮಂದಿಯ ಚಿತ್ರಗಳಿಗೆ ನನ್ನ ಮತ ಥರ್ಡ್ ಪಾರ್ಟಿಗೇ. ಅಂಗಡಿಗೆ ನಿಮ್ಮ ಬಾಡಿಯನ್ನೂ ಒಂದು ಖಾಲಿ ಕಾರ್ಡನ್ನೂ ಒಯ್ಯಿರಿ. ಎದುರಿನ ಬೋರ್ಡನ್ನು ಎಫ್ 2.8ರಲ್ಲಿ ನೆಟ್ಟಗೆ ನಿಂತು ತೆಗೆದು, ನಾಲ್ಕೂ ಮೂಲೆಗಳನ್ನು ಕಂಪ್ಯೂಟರಿನಲ್ಲಿ ಹಿಗ್ಗಿಸಿ ನೋಡಿ. ಮೂರು ಮೂಲೆ ಚೊಕ್ಕಟವಾಗಿ ಒಂದೇ ಮಬ್ಬಾಗಿದ್ದರೆ ಆ ಪೀಸು ಬೇಡ, ಇನ್ನೊಂದು ಕೇಳಿ. ಬಿಲ್ಲು, ಇಂಡಿಯಾ ವಾರಂಟಿ ಎರಡೂ ಇಲ್ಲದೆ ಯಾವ ಹೆಸರಿನ ಲೆನ್ಸನ್ನೂ ಕೊಳ್ಳಬೇಡಿ.